ಯಾರ ಉಪ್ಪಿನ ಋಣ, ಸ್ವಾಮೀ?

ನಾಮಪತ್ರ ಸಲ್ಲಿಸುವ ವಾರ ಬರುತ್ತದಲ್ಲ, ಆ ವಾರ ಪೇಪರು ಓದೋದೇ ಒಂದು ಮಜಾ. ಇಂಥವರ ಆಸ್ತಿ ಇಷ್ಟು ಕೋಟಿ, ಅವರ ಶ್ರೀಮತಿಯವರ ಹತ್ತಿರ ಇಷ್ಟು ಕೆಜಿ ಚಿನ್ನ, ಮತ್ತೊಬ್ಬರು ನೂರು ಕೋಟಿ ಒಡೆಯರಾದರೂ ಹೆಸರಲ್ಲಿ ಒಂದು ಸ್ವಂತ ಕಾರಿಲ್ಲ! ಮಧ್ಯಾಹ್ನದೊಳಗೆ ವಾಟ್ಸಾಪಿನಲ್ಲಿ ಮೀಮು ರೆಡಿ. ನಾವೂ ನಕ್ಕು, ನಾಲ್ಕು ಗ್ರೂಪಿಗೆ ಫಾರ್ವರ್ಡ್ ಮಾಡಿ, ಲಾಗಿನ್ ಆಗುತ್ತೇವೆ. ಓಟು ಕೇಳಲು ಬಂದವರ ಬಗ್ಗೆ ನಾವು ತಿಳಿದುಕೊಳ್ಳುವುದು ಇಷ್ಟೇ: ಎಷ್ಟಿದೆ?

ನನ್ನ ತಕರಾರು ಇರುವುದೇ ಇಲ್ಲಿ. ಎಷ್ಟಿದೆ ಅನ್ನೋದು ಕುತೂಹಲದ ಪ್ರಶ್ನೆ. ಯಾರಿಂದ ಬಂತು, ಮುಂದೆ ಯಾರಿಂದ ಬರಬೇಕಾಗಿದೆ ಅನ್ನೋದು ಓಟಿನ ಪ್ರಶ್ನೆ. ಆ ‘ಯಾರು’ ಲಂಡನ್ನಿನಲ್ಲೋ ಆಮ್‌ಸ್ಟರ್‌ಡ್ಯಾಮಿನಲ್ಲೋ ಕೂತ ಕಂಪನಿಯ ಭಾರತೀಯ ಶಾಖೆಯಾಗಿದ್ದರಂತೂ ಅದನ್ನು ಕೇಳಲೇಬೇಕು. ನಮ್ಮ ವ್ಯವಸ್ಥೆ ಮಾತ್ರ ಅದನ್ನು ಕೇಳುವುದಿಲ್ಲ.

ಅಭ್ಯರ್ಥಿ ಸಲ್ಲಿಸುವ ಅಫಿಡವಿಟ್‌ಗೆ ನಮೂನೆ 26 ಅಂತ ಹೆಸರು. ಇದು ರಾಜಕಾರಣಿಗಳು ಖುಷಿಯಿಂದ ಕೊಟ್ಟ ವರವೇನಲ್ಲ. 2002 ಮತ್ತು 2003ರಲ್ಲಿ ಸುಪ್ರೀಂ ಕೋರ್ಟ್ ಹಿಡಿದು ಕೂರಿಸಿ ಬರೆಸಿದ್ದು. ಅದರಲ್ಲಿ ಕ್ರಿಮಿನಲ್ ಕೇಸು, ಬ್ಯಾಂಕ್ ಠೇವಣಿ, ಷೇರು, ವಿಮೆ, ವಾಹನ, ಒಡವೆಯ ತೂಕ, ಜಮೀನಿನ ಸರ್ವೆ ನಂಬರು, ಸಾಲ, ವಿದ್ಯಾಭ್ಯಾಸ ಎಲ್ಲ ಬರೆಯಬೇಕು. 2018ರ ಫೆಬ್ರವರಿಯಲ್ಲಿ ಲೋಕ್ ಪ್ರಹರಿ ಪ್ರಕರಣದ ತೀರ್ಪು ಬಂದ ಮೇಲೆ ಆದಾಯದ ಮೂಲವನ್ನೂ, ಸರ್ಕಾರದ ಜೊತೆಗಿರುವ ಗುತ್ತಿಗೆಗಳನ್ನೂ ಬರೆಯಬೇಕಾಯಿತು. 2019ರಿಂದ ಐದು ವರ್ಷದ ಆದಾಯ ತೆರಿಗೆ ವಿವರ ಮತ್ತು ವಿದೇಶದಲ್ಲಿರುವ ಆಸ್ತಿಯೂ ಸೇರಿತು. ಒಳ್ಳೆಯದೇ. ಆದರೆ ಇಷ್ಟೆಲ್ಲ ಕೇಳಿದ ಮೇಲೂ ಬಿಟ್ಟುಹೋದದ್ದು ಏನು ನೋಡಿ.

ಒಂದು ಉದಾಹರಣೆ ಕಲ್ಪಿಸಿಕೊಳ್ಳಿ. ಔಟರ್ ರಿಂಗ್ ರೋಡಿನಲ್ಲಿ ಒಬ್ಬ ಅಭ್ಯರ್ಥಿಗೆ ದೊಡ್ಡ ಕಟ್ಟಡವಿದೆ. ಅದನ್ನು ಹೊರದೇಶದ ಒಡೆತನದ ಕಂಪನಿಯೊಂದು ಹದಿನೈದು ವರ್ಷಕ್ಕೆ ಲೀಸಿಗೆ ತೆಗೆದುಕೊಂಡಿದೆ. ಊರಾಚೆಯ ಇವರ ಗೋದಾಮಿನಲ್ಲಿ ಇನ್ನೊಂದು ವಿದೇಶಿ ಇ-ಕಾಮರ್ಸ್ ಕಂಪನಿಯ ಸರಕು ತುಂಬಿದೆ. ಆ ಕಂಪನಿಯ ಕ್ಯಾಬು, ಕ್ಯಾಂಟೀನು, ಸೆಕ್ಯುರಿಟಿ ಗುತ್ತಿಗೆ ಇವರ ತಮ್ಮನದು. ಅಳಿಯ ಅದೇ ಕಂಪನಿಗೆ ಕನ್ಸಲ್ಟೆಂಟ್. ಇದೆಲ್ಲ ಅಫಿಡವಿಟ್‌ನಲ್ಲಿ ಹೇಗೆ ಕಾಣುತ್ತದೆ ಗೊತ್ತಾ? ‘ಆದಾಯದ ಮೂಲ: ಬಾಡಿಗೆ ಮತ್ತು ವ್ಯವಹಾರ.’ ಮುಗೀತು. ಬಾಡಿಗೆದಾರ ಯಾರು ಅಂತ ಕೇಳುವ ಕಾಲಂ ಇಲ್ಲ. ಗುತ್ತಿಗೆಯ ಕಾಲಂ ಇದೆ, ಆದರೆ ಅದು ಸರ್ಕಾರ ಮತ್ತು ಪಬ್ಲಿಕ್ ಕಂಪನಿಗಳ ಜೊತೆಗಿನ ಗುತ್ತಿಗೆಗೆ ಮಾತ್ರ. ತಮ್ಮ, ಅಳಿಯ, ಸ್ವಂತ ದುಡಿಮೆಯಿರುವ ಮಗ ಇವರ್ಯಾರೂ ‘ಅವಲಂಬಿತರು’ ಅಲ್ಲ, ಹಾಗಾಗಿ ಲೆಕ್ಕಕ್ಕೇ ಇಲ್ಲ. ನಮ್ಮ ದೇಶದಲ್ಲಿ ಅಳಿಯ ಲೆಕ್ಕಕ್ಕಿಲ್ಲ ಅಂದರೆ ಯಾರಾದರೂ ನಂಬ್ತಾರಾ?

ಸುಳ್ಳು ಅಫಿಡವಿಟ್ ಕೊಟ್ಟರೆ ಪ್ರಜಾಪ್ರತಿನಿಧಿ ಕಾಯ್ದೆಯ 125ಎ ಕಲಂ ಪ್ರಕಾರ ಆರು ತಿಂಗಳವರೆಗೆ ಜೈಲು, ಇಲ್ಲವೇ ದಂಡ ಉಂಟು. ಆದರೆ ಕೇಳದೇ ಇರುವ ಪ್ರಶ್ನೆಗೆ ಉತ್ತರ ಕೊಡದಿದ್ದರೆ ಅದು ಸುಳ್ಳಾಗುವುದು ಹೇಗೆ?

ಈಗ ಇದನ್ನು ಓದುತ್ತಿರುವ ನಿಮ್ಮ ಸ್ಥಿತಿ ನೋಡಿಕೊಳ್ಳಿ. ನಿಮ್ಮಲ್ಲಿ ಎಷ್ಟೋ ಜನ ವಿದೇಶಿ ಒಡೆತನದ ಕಂಪನಿಯಲ್ಲೇ ಕೆಲಸ ಮಾಡುತ್ತೀರಿ. ವರ್ಷಕ್ಕೊಮ್ಮೆ ಕಾಂಪ್ಲೈಯನ್ಸ್ ಟ್ರೇನಿಂಗು ಬರುತ್ತದೆ. ಮ್ಯೂಟ್ ಮಾಡಿಕೊಂಡು ನೆಕ್ಸ್ಟ್ ನೆಕ್ಸ್ಟ್ ಒತ್ತುತ್ತೇವೆ, ಅದು ಬೇರೆ ಮಾತು. ಆದರೆ ಅದರಲ್ಲಿ ಏನು ಕೇಳುತ್ತಾರೆ? ನಿಮ್ಮ ಹತ್ತಿರದ ಸಂಬಂಧಿಕರು ಯಾರಾದರೂ ನಮ್ಮ ವೆಂಡರ್ ಆಗಿದ್ದಾರಾ? ನಿಮಗೆ ಪಕ್ಕದಲ್ಲಿ ಬೇರೆ ಬಿಸಿನೆಸ್ ಇದೆಯಾ? ಬೇರೆ ಕಂಪನಿಯ ಬೋರ್ಡಿನಲ್ಲಿದ್ದೀರಾ? ದೀಪಾವಳಿಗೆ ವೆಂಡರ್ ಕಳಿಸಿದ ಡ್ರೈಫ್ರೂಟ್ಸ್ ಡಬ್ಬಿಯನ್ನು ಅಡ್ಮಿನ್‌ಗೆ ಒಪ್ಪಿಸಿ ಮೇಲ್ ಹಾಕಿದ್ದನ್ನು ನಾನೇ ನೋಡಿದ್ದೇನೆ. ಗೋಡಂಬಿ ತಿಂದರೆ ಪರ್ಚೇಸ್ ಆರ್ಡರ್ ವಾಲುತ್ತದೆ ಅನ್ನುವಷ್ಟು ಎಚ್ಚರ! ಕಂಪನಿಗೆ ಕೀಬೋರ್ಡು ಕೊಳ್ಳುವವನಿಗೆ ಇರುವ ಈ ನಿಯಮ, ಆ ಕಂಪನಿಯ ತೆರಿಗೆಯನ್ನೂ ಹೂಡಿಕೆಯ ಮಿತಿಯನ್ನೂ ನೀರು-ಭೂಮಿಯನ್ನೂ ನಿರ್ಧರಿಸುವ ಸದನಕ್ಕೆ ಹೋಗಲು ಹೊರಟವನಿಗೆ ಇಲ್ಲ.

ಇದೆಲ್ಲ ಬರೀ ಥಿಯರಿ ಅನ್ನಿಸಿದರೆ ನಮ್ಮೂರಿನದೇ ಕತೆ ಕೇಳಿ. ವಿಜಯ್ ಮಲ್ಯ. ಅವರ ಸಾಲದ ಕತೆ ಎಲ್ಲರಿಗೂ ಬಾಯಿಪಾಠ, ನನಗೆ ಇವತ್ತು ಅದು ಬೇಕಾಗಿಲ್ಲ. ಅವರ ಆಸ್ತಿಯಿಂದ 14,131 ಕೋಟಿ ರೂಪಾಯಿ ಬ್ಯಾಂಕುಗಳಿಗೆ ವಾಪಸಾಗಿದೆ ಅಂತ ಡಿಸೆಂಬರ್ 2024ರಲ್ಲಿ ಹಣಕಾಸು ಸಚಿವರೇ ಸಂಸತ್ತಿನಲ್ಲಿ ಹೇಳಿದ್ದಾರೆ. ಆ ಜಗಳ ಕೋರ್ಟಿನಲ್ಲಿರಲಿ. ನಾನು ಹೇಳುತ್ತಿರುವುದು ಅಭ್ಯರ್ಥಿ ಮಲ್ಯ ಅವರ ಬಗ್ಗೆ.

2002ರಲ್ಲಿ ಒಮ್ಮೆ, 2010ರಲ್ಲಿ ಇನ್ನೊಮ್ಮೆ, ಎರಡು ಸಲ ಸ್ವತಂತ್ರ ಅಭ್ಯರ್ಥಿಯಾಗಿ ಅವರು ಕರ್ನಾಟಕದಿಂದ ರಾಜ್ಯಸಭೆಗೆ ಹೋದರು. ಕಳಿಸಿದವರು ನಮ್ಮ ಶಾಸಕರು. 2010ರಲ್ಲಿ ಜೆಡಿಎಸ್ ಬೆಂಬಲವೂ ಇತ್ತು, ಬಿಜೆಪಿ ಬೆಂಬಲವೂ ಇತ್ತು. ಆಗ ಅವರ ವ್ಯವಹಾರದ ಚಿತ್ರ ಹೇಗಿತ್ತು? ಕಿಂಗ್‌ಫಿಷರ್ ಬಿಯರ್ ಮಾಡುವ ಯುನೈಟೆಡ್ ಬ್ರೂವರೀಸ್‌ನಲ್ಲಿ ನೆದರ್‌ಲ್ಯಾಂಡ್ಸಿನ ಹೈನೆಕೆನ್ ಸರಿಸಮಾನ ಪಾಲುದಾರ. ಅದರ ಪಾಲು ಶೇ 37.5. ವಿಸ್ಕಿ, ರಮ್ ಮಾಡುವ ಯುನೈಟೆಡ್ ಸ್ಪಿರಿಟ್ಸ್‌ನ ಷೇರು ಮಾರುವ ಬಗ್ಗೆ ಲಂಡನ್ನಿನ ಡಿಯಾಜಿಯೋ ಜೊತೆ 2009ರಲ್ಲೇ ಮಾತುಕತೆ ನಡೆದು ನಿಂತುಹೋಗಿತ್ತು. ಮೂರನೆಯದು ವಿಮಾನ. ಕಿಂಗ್‌ಫಿಷರ್ ಏರ್‌ಲೈನ್ಸ್ ನಷ್ಟದಲ್ಲಿತ್ತು, ಅದಕ್ಕೆ ದುಡ್ಡು ಬೇಕಿತ್ತು. ವಿದೇಶಿ ವಿಮಾನಯಾನ ಕಂಪನಿಗಳು ಭಾರತದ ವಿಮಾನಯಾನ ಕಂಪನಿಗಳಲ್ಲಿ ಪಾಲು ಕೊಳ್ಳುವಂತಿಲ್ಲ ಎಂಬ ನಿಯಮ ಅಡ್ಡ ಬರುತ್ತಿತ್ತು. ಆ ನಿಯಮ ತೆಗೆಯಬೇಕು ಅಂತ ಮಲ್ಯ ಬಹಿರಂಗವಾಗಿಯೇ ಕೇಳುತ್ತಿದ್ದರು. ಜೊತೆಗೆ, ನಾಗರಿಕ ವಿಮಾನಯಾನ ಸಚಿವಾಲಯದ ಸಂಸದೀಯ ಸಲಹಾ ಸಮಿತಿಯಲ್ಲಿ ಸದಸ್ಯರೂ ಆಗಿದ್ದರು.

ಮುಂದೆ ಏನಾಯಿತು? ಸೆಪ್ಟೆಂಬರ್ 2012ರಲ್ಲಿ ಕೇಂದ್ರ ಸರ್ಕಾರ ವಿದೇಶಿ ವಿಮಾನಯಾನ ಕಂಪನಿಗಳಿಗೆ ಶೇ 49ರವರೆಗೆ ಬಾಗಿಲು ತೆರೆಯಿತು. ಕಿಂಗ್‌ಫಿಷರ್‌ಗೆ ಅಷ್ಟು ಹೊತ್ತಿಗೆ ಉಸಿರು ನಿಂತಿತ್ತು, ಅಕ್ಟೋಬರ್‌ನಲ್ಲಿ ಅದರ ಲೈಸೆನ್ಸೇ ಅಮಾನತಾಯಿತು. ನವೆಂಬರ್‌ನಲ್ಲಿ ಡಿಯಾಜಿಯೋ ಜೊತೆ ಒಪ್ಪಂದ ಆಯಿತು, ಶೇ 53.4ರವರೆಗಿನ ಪಾಲಿಗೆ 11,166 ಕೋಟಿ ರೂಪಾಯಿ. 2014ರ ಹೊತ್ತಿಗೆ ಯುನೈಟೆಡ್ ಸ್ಪಿರಿಟ್ಸ್‌ನ ಅರ್ಧಕ್ಕಿಂತ ಹೆಚ್ಚು ಪಾಲು ಡಿಯಾಜಿಯೋ ಕೈಗೆ ಹೋಯಿತು, ಅದರ ಜೊತೆ ನಮ್ಮ ಆರ್‌ಸಿಬಿಯೂ ಹೋಯಿತು. ಅಧ್ಯಕ್ಷರ ಕುರ್ಚಿಯಲ್ಲಿ ಮಾತ್ರ ಮಲ್ಯ ಅವರೇ ಮುಂದುವರಿದರು.

ಈಗ ಈ ಭಾಗ ಗಮನಿಸಿ. 25 ಫೆಬ್ರವರಿ 2016ರಂದು, ಇನ್ನೂ ಕರ್ನಾಟಕದ ರಾಜ್ಯಸಭಾ ಸದಸ್ಯರಾಗಿದ್ದಾಗಲೇ, ಆ ಕುರ್ಚಿ ಬಿಟ್ಟುಕೊಡುವುದಕ್ಕೆ ಮತ್ತು ಐದು ವರ್ಷ ಪೈಪೋಟಿಗೆ ಇಳಿಯದೇ ಇರುವುದಕ್ಕೆ ಡಿಯಾಜಿಯೋ ಅವರಿಗೆ 7.5 ಕೋಟಿ ಡಾಲರ್ ಕೊಡಲು ಒಪ್ಪಿತು. ಅಂದಿನ ಲೆಕ್ಕದಲ್ಲಿ ಸುಮಾರು 515 ಕೋಟಿ ರೂಪಾಯಿ. 4 ಕೋಟಿ ಡಾಲರ್ ಆಗಲೇ ಸಂದಾಯ, ಉಳಿದದ್ದು ಐದು ವರ್ಷಗಳಲ್ಲಿ. ಮಾರ್ಚ್ 2ಕ್ಕೆ ಅವರು ದೇಶ ಬಿಟ್ಟರು. ಏಪ್ರಿಲ್‌ನಲ್ಲಿ ನೀತಿ ಸಮಿತಿ ಉಚ್ಚಾಟನೆಯ ನಿರ್ಧಾರಕ್ಕೆ ಬಂದ ಮೇಲೆ ಮೇನಲ್ಲಿ ರಾಜೀನಾಮೆ ಬಂತು. ಆ 4 ಕೋಟಿ ಡಾಲರನ್ನು ಕೋರ್ಟಿನ ಆದೇಶ ಮೀರಿ ಮಕ್ಕಳಿಗೆ ವರ್ಗಾಯಿಸಿದ್ದಕ್ಕೆ ಸುಪ್ರೀಂ ಕೋರ್ಟ್ 2017ರಲ್ಲಿ ನ್ಯಾಯಾಂಗ ನಿಂದನೆ ಅಂತ ತೀರ್ಮಾನಿಸಿ, 2022ರಲ್ಲಿ ನಾಲ್ಕು ತಿಂಗಳ ಶಿಕ್ಷೆ ಕೊಟ್ಟಿತು.

ಹೈನೆಕೆನ್ ಪಾಲುದಾರಿಕೆಯಾಗಲಿ ಡಿಯಾಜಿಯೋ ವ್ಯವಹಾರವಾಗಲಿ ತನ್ನಷ್ಟಕ್ಕೇ ಅಪರಾಧ ಅಂತ ನಾನು ಹೇಳುತ್ತಿಲ್ಲ. ಉದ್ಯಮಿ ಅಂದಮೇಲೆ ಕೊಳ್ಳುತ್ತಾನೆ, ಮಾರುತ್ತಾನೆ. ನನ್ನ ಸಿಟ್ಟು ಬೇರೆ. 2010ರ ಜೂನ್‌ನಲ್ಲಿ ಓಟು ಹಾಕಲು ನಿಂತ ಶಾಸಕರಲ್ಲಿ ಒಬ್ಬರಾದರೂ ‘ಸಾರ್, ಸದನದಲ್ಲಿ ವಿದೇಶಿ ಹೂಡಿಕೆಯ ವಿಷಯ ಬಂದರೆ ನೀವು ಕರ್ನಾಟಕದ ಪರ ಕೂರುತ್ತೀರೋ, ನಿಮ್ಮ ಪಾಲುದಾರರ ಪರವೋ’ ಅಂತ ಬರವಣಿಗೆಯಲ್ಲಿ ಕೇಳುವಂತೆ ನಮ್ಮ ಚುನಾವಣಾ ವ್ಯವಸ್ಥೆ ಮಾಡಲಿಲ್ಲ. ಕೇಳಬೇಕಾದ ನಮೂನೆಯಲ್ಲಿ ಆ ಸಾಲೇ ಇರಲಿಲ್ಲ. ಇವತ್ತಿಗೂ ಇಲ್ಲ.

ರಾಜ್ಯಸಭೆಯಲ್ಲಿ ಸದಸ್ಯರ ಹಿತಾಸಕ್ತಿಗಳ ರಿಜಿಸ್ಟರ್ ಅಂತ ಒಂದಿದೆ ಅನ್ನುತ್ತೀರಿ. ಹೌದು, ಇದೆ. ಸಂಬಳ ಬರುವ ನಿರ್ದೇಶಕ ಹುದ್ದೆ, ಹಿಡಿತವಿರುವಷ್ಟು ಷೇರು, ಕನ್ಸಲ್ಟೆನ್ಸಿ ಮುಂತಾದವನ್ನು ಅದರಲ್ಲಿ ಬರೆಯಬೇಕು. ಆದರೆ ಯಾವಾಗ? ಗೆದ್ದು ಸದಸ್ಯರಾದ ಮೇಲೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ.

ಹಾಗಾದರೆ ವಿದೇಶಿ ದುಡ್ಡಿಗೆ ತಡೆಯೇ ಇಲ್ಲವಾ? ಇದೆ, ಇತ್ತು ಅನ್ನಬೇಕು. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ, ಎಫ್‌ಸಿಆರ್‌ಎ. ಮೊದಲು 1976ರಲ್ಲಿ ಬಂತು, 2010ರಲ್ಲಿ ಹೊಸದಾಯಿತು. ವಿದೇಶಿ ದೇಣಿಗೆ ಯಾರು ತೆಗೆದುಕೊಳ್ಳಬಾರದು ಅನ್ನುವ ಅದರ ಪಟ್ಟಿಯಲ್ಲಿ ಮೊದಲ ಹೆಸರೇ ಚುನಾವಣಾ ಅಭ್ಯರ್ಥಿಯದು. ಆಮೇಲೆ ಪತ್ರಕರ್ತರು, ನ್ಯಾಯಾಧೀಶರು, ಸರ್ಕಾರಿ ನೌಕರರು, ಶಾಸಕರು, ಸಂಸದರು, ಪಕ್ಷಗಳು. ಪತ್ರಿಕೆಗಳ ಅಂಕಣಕಾರರೂ ವ್ಯಂಗ್ಯಚಿತ್ರಕಾರರೂ ಇದ್ದಾರೆ ನೋಡಿ, ಅಷ್ಟು ಸೂಕ್ಷ್ಮ! ಆದರೆ ಮುಂದಿನ ಕಲಂಗೆ ಬನ್ನಿ. ಸಂಬಳವಾಗಿ ಬಂದದ್ದು, ‘ಮಾಮೂಲಿ ವ್ಯವಹಾರದ’ ಪಾವತಿಯಾಗಿ ಬಂದದ್ದು ದೇಣಿಗೆಯ ತಡೆಗೆ ಒಳಪಡುವುದಿಲ್ಲ. ಅಂದರೆ ವಿದೇಶಿ ಕಂಪನಿ ಅಭ್ಯರ್ಥಿಗೆ ಒಂದು ಲಕ್ಷದ ಚೆಕ್ಕು ಕೊಟ್ಟರೆ ಅಪರಾಧ. ಅದೇ ಅಭ್ಯರ್ಥಿಯ ಕಟ್ಟಡಕ್ಕೆ ವರ್ಷಕ್ಕೆ ಒಂದು ಕೋಟಿ ಬಾಡಿಗೆ ಕೊಟ್ಟರೆ ವ್ಯವಹಾರ. ವ್ಯವಹಾರಕ್ಕೆ ವಿನಾಯಿತಿ ಬೇಕೇ ಬೇಕು, ಒಪ್ಪಿದೆ. ವಿನಾಯಿತಿ ಕೊಟ್ಟ ಮೇಲೆ ವಿವರ ಕೇಳಬಾರದು ಅಂತ ಯಾವ ಶಾಸ್ತ್ರ ಹೇಳುತ್ತದೆ?

ಉಳಿದ ಅರ್ಧ ತಡೆಯನ್ನೂ ನಮ್ಮ ಎರಡು ದೊಡ್ಡ ಪಕ್ಷಗಳು ಹೇಗೆ ಕಿತ್ತವು ಅನ್ನೋದು ಪ್ರತಿಯೊಬ್ಬ ಮತದಾರನಿಗೂ ಗೊತ್ತಿರಬೇಕು. ಬ್ರಿಟನ್ನಿನ ವೇದಾಂತ ರಿಸೋರ್ಸಸ್‌ನ ಅಂಗಸಂಸ್ಥೆಗಳಾದ ಸ್ಟರ್ಲೈಟ್ ಮತ್ತು ಸೆಸಾ ಕಂಪನಿಗಳು ಕಾಂಗ್ರೆಸ್ಸಿಗೂ ಬಿಜೆಪಿಗೂ ದೇಣಿಗೆ ಕೊಟ್ಟಿದ್ದವು. ಎಡಿಆರ್ ಸಂಸ್ಥೆ ಮತ್ತು ನಿವೃತ್ತ ಅಧಿಕಾರಿ ಇ.ಎ.ಎಸ್. ಶರ್ಮಾ ಕೋರ್ಟಿಗೆ ಹೋದರು. ವೇದಾಂತದ ದೊಡ್ಡ ಷೇರುದಾರ ಅನಿಲ್ ಅಗರ್ವಾಲ್ ಭಾರತೀಯ ಪ್ರಜೆ, ಹಾಗಾಗಿ ಇದು ವಿದೇಶಿ ಮೂಲ ಅಲ್ಲ ಎಂಬ ವಾದವನ್ನು ದೆಹಲಿ ಹೈಕೋರ್ಟ್ ಒಪ್ಪಲಿಲ್ಲ. 28 ಮಾರ್ಚ್ 2014ರಂದು, ಎರಡೂ ಪಕ್ಷಗಳು ಮೇಲ್ನೋಟಕ್ಕೆ ಕಾನೂನು ಮುರಿದಿವೆ, ಆರು ತಿಂಗಳಲ್ಲಿ ಕ್ರಮ ತೆಗೆದುಕೊಳ್ಳಿ ಅಂದಿತು.

ಕ್ರಮ ತೆಗೆದುಕೊಂಡರು, ಆದರೆ ಕಾನೂನಿನ ಮೇಲೆ! 2016ರ ಹಣಕಾಸು ಕಾಯ್ದೆಯಲ್ಲಿ ‘ವಿದೇಶಿ ಮೂಲ’ದ ಅರ್ಥವನ್ನೇ ಬದಲಿಸಿದರು. ಅರ್ಧಕ್ಕಿಂತ ಹೆಚ್ಚು ಷೇರು ಹೊರದೇಶದವರದಾಗಿದ್ದರೂ, ಆ ಕ್ಷೇತ್ರಕ್ಕೆ ನಿಗದಿಯಾದ ಹೂಡಿಕೆ ಮಿತಿಯೊಳಗೆ ಇದ್ದರೆ ಆ ಕಂಪನಿ ವಿದೇಶಿ ಅಲ್ಲ. ಅದೂ 2010ರಿಂದಲೇ ಅನ್ವಯ. ಆಮೇಲೆ ಎರಡೂ ಪಕ್ಷಗಳು ಸುಪ್ರೀಂ ಕೋರ್ಟಿನಲ್ಲಿ ಹಾಕಿದ್ದ ಮೇಲ್ಮನವಿ ವಾಪಸ್ ತೆಗೆದುಕೊಂಡವು. ಆದರೆ ಅವರು ಸಿಕ್ಕಿಬಿದ್ದಿದ್ದು 1976ರ ಹಳೇ ಕಾಯ್ದೆಯಲ್ಲಿ ಅಲ್ಲವಾ? ಅದಕ್ಕೆ 2018ರ ಹಣಕಾಸು ಕಾಯ್ದೆಯಲ್ಲಿ ಇನ್ನೊಂದು ತಿದ್ದುಪಡಿ: ದಿನಾಂಕವನ್ನು 5 ಆಗಸ್ಟ್ 1976ಕ್ಕೆ ಒಯ್ದರು. ನಲವತ್ತೆರಡು ವರ್ಷ ಹಿಂದಕ್ಕೆ. ಆ ಮಸೂದೆ ಲೋಕಸಭೆಯಲ್ಲಿ ಗದ್ದಲದ ನಡುವೆ, ಚರ್ಚೆಯೇ ಇಲ್ಲದೆ ಪಾಸಾಯಿತು. ಟಿವಿಯಲ್ಲಿ ಪ್ರತಿ ರಾತ್ರಿ ಕಚ್ಚಾಡುವವರು ಈ ಒಂದು ವಿಷಯದಲ್ಲಿ ಎಷ್ಟು ಅನ್ಯೋನ್ಯವಾಗಿದ್ದಾರೆ ನೋಡಿ.

ಇದೇ ಎಫ್‌ಸಿಆರ್‌ಎ ಬಡಪಾಯಿಗಳ ಮೇಲೆ ಹೇಗೆ ಬೀಳುತ್ತದೆ ಗೊತ್ತಾ? 2020ರ ತಿದ್ದುಪಡಿಯ ಪ್ರಕಾರ, ಹೊರದೇಶದಿಂದ ಹಣ ಪಡೆದು ಹಳ್ಳಿಯಲ್ಲಿ ಮಕ್ಕಳಿಗೆ ಪಾಠ ಹೇಳುವ ಸಂಸ್ಥೆ ಬೀದರಿನಲ್ಲಿದ್ದರೂ ಚಾಮರಾಜನಗರದಲ್ಲಿದ್ದರೂ ನವದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯಲ್ಲೇ ಖಾತೆ ಇಟ್ಟಿರಬೇಕು. ಆಡಳಿತದ ಖರ್ಚು ಶೇ 20 ಮೀರುವಂತಿಲ್ಲ. ಸ್ಲೇಟು, ಬಳಪ ಕೊಳ್ಳುವವರ ಮೇಲೆ ಅಷ್ಟು ಅನುಮಾನ, ಕಾನೂನು ಬರೆಯುವವರ ಮೇಲೆ ಇಷ್ಟು ನಂಬಿಕೆ.

‘ಫಾರಿನ್ ಕಂಪನಿ ಸಂಬಳ ತಿಂದುಕೊಂಡು ಫಾರಿನ್ ಕಂಪನಿಗೇ ಬೈತೀಯಲ್ಲ’ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ನಾನು ಕಂಪನಿಗೆ ಬೈಯುತ್ತಿಲ್ಲ. ಬೆಂಗಳೂರು ಇವತ್ತು ಹೀಗಿರುವುದರಲ್ಲಿ ಆ ಕಂಪನಿಗಳ ಪಾಲು ದೊಡ್ಡದು, ಸ್ವದೇಶಿ ಭಾಷಣ ಮಾಡಿ ಅವರನ್ನು ಓಡಿಸುವ ಹುಚ್ಚೂ ನನಗಿಲ್ಲ. ನನ್ನ ಸಂಬಳ ಎಲ್ಲಿಂದ ಬರುತ್ತದೆ ಅಂತ ನನ್ನ ಬ್ಯಾಂಕಿಗೂ ತೆರಿಗೆ ಇಲಾಖೆಗೂ ಗೊತ್ತು, ನಾನು ನಿಮ್ಮ ಓಟನ್ನೂ ಕೇಳುತ್ತಿಲ್ಲ.

‘ದೇಶಿ ಕಂಪನಿಗಳ ಜೊತೆಗಿನ ನಂಟು ಪರವಾಗಿಲ್ವಾ?’ ಇದು ಸರಿಯಾದ ಪ್ರಶ್ನೆ. ಅದನ್ನೂ ಕೇಳಬೇಕು. ಆದರೆ ವಿದೇಶಿ ಒಡೆತನಕ್ಕೆ ಒಂದು ವಿಶೇಷವಿದೆ. ಒಂದು ಕ್ಷೇತ್ರದಲ್ಲಿ ಹೊರಗಿನವರು ಶೇಕಡಾ ಎಷ್ಟು ಪಾಲು ಇಟ್ಟುಕೊಳ್ಳಬಹುದು ಅನ್ನುವುದನ್ನು ಸರ್ಕಾರ ಮತ್ತು ಸಂಸತ್ತು ನಿರ್ಧರಿಸುತ್ತವೆ. ವಿಮೆಯಲ್ಲಿ ಅದು 26 ಇತ್ತು, 2015ರಲ್ಲಿ 49 ಆಯಿತು, 2021ರಲ್ಲಿ 74. ಪ್ರತಿ ಸಲ ಆ ಅಂಕಿ ಏರಿದಾಗ ಪಾಲು ಮಾರಲು ಕಾದು ಕೂತ ದೇಶಿ ಪಾಲುದಾರನಿಗೆ ಹಬ್ಬ. 2018ರಲ್ಲಿ ವಾಲ್‌ಮಾರ್ಟ್ 1,600 ಕೋಟಿ ಡಾಲರ್ ಕೊಟ್ಟು ನಮ್ಮ ಬೆಂಗಳೂರಿನ ಫ್ಲಿಪ್‌ಕಾರ್ಟ್‌ನ ಶೇ 77 ಪಾಲು ಕೊಂಡಿತು. ಅದೇ ವರ್ಷದ ಕೊನೆಗೆ ಸರ್ಕಾರದ ಒಂದೇ ಪ್ರಕಟಣೆ ಇ-ಕಾಮರ್ಸಿನ ನಿಯಮಗಳನ್ನೆಲ್ಲ ಅಲುಗಾಡಿಸಿತು. ದೆಹಲಿಯ ಮಾತೇ ಯಾಕೆ? 2012ರಲ್ಲಿ ಬಹು ಬ್ರ್ಯಾಂಡ್ ಚಿಲ್ಲರೆ ಮಾರಾಟದಲ್ಲಿ ವಿದೇಶಿ ಹೂಡಿಕೆಗೆ ಒಪ್ಪಿಗೆ ಕೊಟ್ಟಾಗ, ಅಂಗಡಿ ತೆರೆಯಲು ಬಿಡುವುದೋ ಬೇಡವೋ ಅನ್ನುವುದನ್ನು ರಾಜ್ಯಗಳಿಗೇ ಬಿಟ್ಟರು. ಒಂದು ಸಹಿಗೆ ಸಾವಿರಾರು ಕೋಟಿಯ ಬೆಲೆ ಇರುವಾಗ, ಸಹಿ ಹಾಕುವ ಕೈ ಯಾರ ಜೊತೆ ಕುಲುಕಿ ಬಂದಿದೆ ಅಂತ ನೋಡುವುದು ಹೊಟ್ಟೆಕಿಚ್ಚಲ್ಲ.

‘ಹಾಗಾದರೆ ಉದ್ಯಮಿಗಳು ಚುನಾವಣೆಗೆ ನಿಲ್ಲಲೇಬಾರದಾ?’ ಖಂಡಿತ ನಿಲ್ಲಲಿ. ನಾಲ್ಕು ಜನಕ್ಕೆ ಕೆಲಸ ಕೊಟ್ಟವರು, ಬ್ಯಾಲೆನ್ಸ್ ಶೀಟು ಓದಲು ಬರುವವರು ಸದನಕ್ಕೆ ಬೇಕು. ಹೇಳಿ ನಿಲ್ಲಲಿ, ಅಷ್ಟೇ.

ನಾನು ಕೇಳುತ್ತಿರುವುದು ನಮೂನೆ 26ರಲ್ಲಿ ಒಂದೇ ಒಂದು ಹೊಸ ಕೋಷ್ಟಕ. ಅಭ್ಯರ್ಥಿ, ಸಂಗಾತಿ, ಮಕ್ಕಳು (ಅವಲಂಬಿತರಾಗಿರಲಿ, ಇಲ್ಲದಿರಲಿ), ಒಡಹುಟ್ಟಿದವರು, ಅಳಿಯ-ಸೊಸೆ. ಇವರಿಗೂ ಇವರು ನಡೆಸುವ ಸಂಸ್ಥೆಗಳಿಗೂ ವಿದೇಶಿ ಒಡೆತನದ ಯಾವ ಕಂಪನಿಯ ಜೊತೆ ಬಾಡಿಗೆ, ಗುತ್ತಿಗೆ, ಪಾಲುದಾರಿಕೆ, ಏಜೆನ್ಸಿ, ಸಲಹೆಗಾರಿಕೆ ಇದೆ? ಮುಂದೆ ಬರಬೇಕಾದ ಹಣ ಎಷ್ಟು? ಕಂಪನಿಯ ಹೆಸರು, ಅದರ ಹಿಂದಿರುವ ನಿಜವಾದ ಒಡೆಯರ ಹೆಸರು, ಒಪ್ಪಂದ ಮುಗಿಯುವ ವರ್ಷ. ಮಾಹಿತಿ ಸಿಗಲ್ಲ ಅನ್ನುವ ನೆಪ ನಡೆಯುವುದಿಲ್ಲ. ಶೇ 10 ಅಥವಾ ಅದಕ್ಕೂ ಹೆಚ್ಚು ಲಾಭದ ಹಕ್ಕಿರುವ ವ್ಯಕ್ತಿ ಯಾರು ಅಂತ ಕಂಪನಿಗಳು ಸರ್ಕಾರಕ್ಕೆ ತಿಳಿಸಬೇಕೆಂಬ ನಿಯಮ ಈಗಾಗಲೇ ಇದೆ. ಅದನ್ನು ಮತದಾರರ ಕಣ್ಣಿಗೆ ಬೀಳದ ಕಡೆ ಇಟ್ಟಿದ್ದಾರೆ, ಅಷ್ಟೇ ತೊಂದರೆ.

ಆ ಕೋಷ್ಟಕ ತಾನಾಗಿ ಬರಲ್ಲ. 2002ರಲ್ಲೂ ತಾನಾಗಿ ಬಂದಿರಲಿಲ್ಲ. ಕೆಲವು ಹಠಮಾರಿಗಳು ಕೋರ್ಟಿನ ಮೆಟ್ಟಿಲು ಹತ್ತಿದ್ದರಿಂದ ಬಂತು. ಅಲ್ಲಿಯವರೆಗೆ ಒಂದು ಕೆಲಸ ಮಾಡಿ. ಎಕ್ಸೆಲ್ ಶೀಟಿನಲ್ಲಿ ದಿನಪೂರ್ತಿ ಮುಳುಗುವ ನಮಗೆ ಇದು ಕಷ್ಟವೂ ಅಲ್ಲ. ಚುನಾವಣಾ ಆಯೋಗದ ಜಾಲತಾಣದಿಂದ ನಿಮ್ಮ ಕ್ಷೇತ್ರದ ಅಭ್ಯರ್ಥಿಗಳ ಅಫಿಡವಿಟ್ ಇಳಿಸಿಕೊಳ್ಳಿ. ಷೇರಿನ ಪಟ್ಟಿಯಲ್ಲಿ ಹೆಸರೇ ಕೇಳಿರದ ಪ್ರೈವೇಟ್ ಲಿಮಿಟೆಡ್‌ಗಳು ಕಂಡರೆ ಗುರುತು ಹಾಕಿಕೊಳ್ಳಿ. ಕಂಪನಿ ವ್ಯವಹಾರಗಳ ಸಚಿವಾಲಯದ ಪೋರ್ಟಲ್‌ನಲ್ಲಿ ಆ ಕಂಪನಿಯ ಮೂಲ ವಿವರ, ನಿರ್ದೇಶಕರ ಹೆಸರು ಸಿಗುತ್ತವೆ. ನೂರು ರೂಪಾಯಿ ಕಟ್ಟಿದರೆ ವಾರ್ಷಿಕ ಲೆಕ್ಕಪತ್ರವೂ ಸಿಗುತ್ತದೆ. ಸಂಬಂಧಿತ ವ್ಯಕ್ತಿಗಳ ವ್ಯವಹಾರ ಅಂತ ಒಂದು ಟಿಪ್ಪಣಿ ಇರುತ್ತದೆ, ಅಲ್ಲಿಂದ ಓದಲು ಶುರುಮಾಡಿ. ನಿಮ್ಮ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿಗೆ ಅಭ್ಯರ್ಥಿ ಬಂದು ಕಾವೇರಿ ನೀರು, ರಸ್ತೆ ಗುಂಡಿ, ಮೆಟ್ರೋ ಬಗ್ಗೆ ಭರವಸೆ ಕೊಟ್ಟು ಮುಗಿಸಿದ ಮೇಲೆ ಸೆಲ್ಫಿಗೆ ಮುಂಚೆ ಕೈ ಎತ್ತಿ. ‘ಸಾರ್, ನಿಮ್ಮ ಅಫಿಡವಿಟ್‌ನಲ್ಲಿ ಬಾಡಿಗೆ ಅಂತ ಬರೆದಿದ್ದೀರಲ್ಲ, ಬಾಡಿಗೆದಾರರು ಯಾರು?’ ಅಂತ ನಯವಾಗಿ ಕೇಳಿ.

ಅಕ್ಕಪಕ್ಕದವರು ಮುಖ ನೋಡುತ್ತಾರೆ. ಅಸೋಸಿಯೇಷನ್ ಸೆಕ್ರೆಟರಿ ಮೈಕು ಕಿತ್ತುಕೊಳ್ಳಲೂಬಹುದು. ಉತ್ತರ ಕೊಟ್ಟರೆ ಬರೆದುಕೊಳ್ಳಿ. ಕೊಡದಿದ್ದರೆ ಅದನ್ನೂ ಬರೆದುಕೊಳ್ಳಿ, ಓಟಿನ ದಿನ ಬೇಕಾಗುತ್ತದೆ.